ಮನೆ ಹುಡುಗನನ್ನು ಭಯೋತ್ಪಾದನೆ ಕೇಸಿನ ವಿಚಾರಣೆಗೆ ಕರೆದುಕೊಂಡು ಹೋದರೆ ಮೊದಲು ಯಾವ ಬಾಗಿಲು ತಟ್ಟಬೇಕು?

ಕಳೆದ ವರ್ಷ ಒಂದು ರಾತ್ರಿ ಒಂದೇ ಮನೆಯಿಂದ ನನಗೆ ನಾಲ್ಕು ಫೋನ್ ಬಂದವು. ತುಮಕೂರಿನ ಮಂಡಿಪೇಟೆ ಹತ್ತಿರ ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿ ಇಟ್ಟುಕೊಂಡವರ ಮನೆ. ಅಂಗಡಿಯಲ್ಲಿ ಕೂರುವ ಅಕ್ಕನ ಮಗನನ್ನು ಸಂಜೆ ಮಫ್ತಿಯಲ್ಲಿ ಬಂದ ಮೂವರು 'ಅರ್ಧ ಗಂಟೆ, ಒಂದು ಮಾತು ಕೇಳಿ ಕಳಿಸುತ್ತೇವೆ' ಎಂದು ಜೀಪು ಹತ್ತಿಸಿಕೊಂಡು ಹೋಗಿದ್ದರು. ಈ ಅಂಗಡಿಯಲ್ಲಿ ಮಾರಿದ ಹಳೇ ಫೋನೊಂದು ಯಾವುದೋ ಸ್ಫೋಟದ ಸಂಚಿನ ಕೇಸಿನಲ್ಲಿ ಸಿಕ್ಕಿದೆಯಂತೆ. ರಾತ್ರಿ ಹತ್ತಾದರೂ ಹುಡುಗ ಬಂದಿಲ್ಲ. ಮಾವ ಹೇಳಿದರು, ಶಾಸಕರ ಪಿಎ ಪರಿಚಯ ಇದ್ದಾರೆ, ಒಂದು ಫೋನ್ ಹಾಕಿಸಿದರೆ ಮುಗೀತು. ಭಾವ ಹೇಳಿದರು, ಬೆಳಿಗ್ಗೆ ಮೊದಲ ರೈಲಿಗೇ ಹೈಕೋರ್ಟಿಗೆ ಹೋಗೋಣ. ಚಿಕ್ಕಪ್ಪನ ಮಗ ಟಿವಿಯವರನ್ನು ಕರೆಸುತ್ತೇನೆ ಎಂದ. ಕೊನೆಗೆ ಅಮ್ಮನ ಫೋನು. 'ಯಾರಿಗೂ ಹೇಳದೆ ಸುಮ್ನಿದ್ದರೆ ಬಿಟ್ಟು ಕಳಿಸುತ್ತಾರೆ, ಅಲ್ವಾ ಸರ್?'

ನಾನು ಇಲ್ಲೇ ಜಿಲ್ಲಾ ಕೋರ್ಟಿನಲ್ಲಿ ವಕೀಲ. ಇದು ಜಾಹೀರಾತಲ್ಲ, ಬಾರ್ ಕೌನ್ಸಿಲ್ ನಿಯಮ ಅದಕ್ಕೆ ಬಿಡುವುದೂ ಇಲ್ಲ, ಅದಕ್ಕೇ ಹೆಸರೂ ನಂಬರೂ ಹಾಕಿಲ್ಲ. ಆ ರಾತ್ರಿ ಆದಮೇಲೆ ಇದೇ ಪ್ರಶ್ನೆಯನ್ನು ಸಿರಾದವರು, ಗುಬ್ಬಿಯವರು, ಪಾವಗಡದವರು ಬೇರೆ ಬೇರೆ ಥರ ಕೇಳಿದ್ದಾರೆ. ಬಾಗಿಲು ತುಂಬಾ ಇವೆ. ಯಾವುದನ್ನು ಯಾವಾಗ ತಟ್ಟಬೇಕು ಅನ್ನೋದೇ ಗೊತ್ತಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

'ಭಯೋತ್ಪಾದಕರ ಪರ ಬರೆಯುತ್ತಿದ್ದೀಯಾ' ಎಂದು ಕೇಳುವವರು ಇರುತ್ತಾರೆ. ನಮ್ಮ ಜಿಲ್ಲೆಗೆ ಇದು ಪೇಪರಿನಲ್ಲಿ ಓದುವ ಸುದ್ದಿ ಮಾತ್ರ ಅಲ್ಲ. 2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಕೆಎಸ್‌ಆರ್‌ಪಿ ಶಿಬಿರದ ಮೇಲೆ ನಕ್ಸಲರು ನುಗ್ಗಿ ಪೊಲೀಸರನ್ನು ಕೊಂದರು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ನಮ್ಮೂರಿನ ಎಷ್ಟೋ ಮಕ್ಕಳು ಆ ಸುತ್ತಿನ ಕಂಪನಿಗಳಲ್ಲೇ ಕೆಲಸ ಮಾಡುತ್ತಿದ್ದರು. ಮಾಡಿದವರು ಸಿಕ್ಕಿಬೀಳಬೇಕು, ಶಿಕ್ಷೆ ಆಗಬೇಕು. ಆದರೆ ಸಿಗಬೇಕಾದ್ದು ಮಾಡಿದವರೇ ಹೊರತು ಕೈಗೆ ಸಿಕ್ಕವರಲ್ಲ. ಗುಜರಾತಿನ ಗಾಂಧಿನಗರದ ಅಕ್ಷರಧಾಮ ದೇವಸ್ಥಾನದ ಮೇಲೆ 2002ರಲ್ಲಿ ದಾಳಿಯಾಯಿತು. ಆರು ಜನರಿಗೆ ಶಿಕ್ಷೆ, ಅದರಲ್ಲಿ ಮೂವರಿಗೆ ಗಲ್ಲು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿತು. ಆ ಕೇಸು ನಿಂತಿದ್ದೇ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗಳ ಮೇಲೆ, ಆಗ ಇದ್ದ ಭಯೋತ್ಪಾದನೆ ತಡೆ ಕಾಯಿದೆ ಪೋಟಾ ಅದಕ್ಕೆ ಅವಕಾಶ ಕೊಟ್ಟಿತ್ತು. ಆ ಕಾಯಿದೆ 2004ರಲ್ಲೇ ಹೋಯಿತು. ಈಗ ಭಯೋತ್ಪಾದನೆ ಕೇಸಿಗೆ ಹಾಕುವ ಯುಎಪಿಎ ಕಾಯಿದೆಯಲ್ಲಿ ಹಾಗಿಲ್ಲ, ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಅಷ್ಟು ವರ್ಷ ತನಿಖೆ ತಪ್ಪು ದಾರಿಯಲ್ಲಿ ಹೋಗಿದ್ದರಿಂದ ದಾಳಿಯಲ್ಲಿ ಸತ್ತವರ ಮನೆಯವರಿಗಾದರೂ ಏನು ಸಿಕ್ಕಿತು?

ಸರಿ, ಬಾಗಿಲುಗಳ ಹೋಲಿಕೆಗೆ ಬರೋಣ.

ಏನನ್ನು ನೋಡಿ ಅಳೆಯಬೇಕು

ನಾನು ಐದು ವಿಷಯ ನೋಡುತ್ತೇನೆ. ಆ ಬಾಗಿಲು ಎಷ್ಟು ಗಂಟೆಯಲ್ಲಿ ತೆರೆಯುತ್ತದೆ. ಎಷ್ಟು ಖರ್ಚು. ಅಲ್ಲಿ ಕೂತವರಿಗೆ 'ಹುಡುಗನನ್ನು ತಂದು ನಿಲ್ಲಿಸಿ' ಎಂದು ಹೇಳುವ ಅಧಿಕಾರ ಇದೆಯಾ, ಬರೀ ಸಲಹೆ ಕೊಡುವವರಾ. ನಾವು ಅಲ್ಲಿಗೆ ಹೋಗಿದ್ದಕ್ಕೆ ತಾರೀಖು, ಸಮಯ ಹಾಕಿದ ಕಾಗದ ಉಳಿಯುತ್ತದಾ. ಐದನೆಯದನ್ನು ಜನ ಮರೆಯುತ್ತಾರೆ: ನಾವು ಮಾಡುವ ಕೆಲಸ ತನಿಖೆಗೆ ಅಡ್ಡ ಬಂದು ನಾಳೆ ನಮ್ಮ ಮೇಲೇ ತಿರುಗುತ್ತದಾ. ಹುಡುಗನ ಫೋನಿನಲ್ಲಿದ್ದದ್ದನ್ನು ಅಳಿಸುವುದು, ಅಂಗಡಿಯ ಬಿಲ್ ಪುಸ್ತಕ ಬಚ್ಚಿಡುವುದು, ಇಂಥದ್ದನ್ನು ಗಾಬರಿಯಲ್ಲಿ ಮನೆಯವರು ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಸಾಕ್ಷಿಯಾಗಿ ಮುಗಿಯಬೇಕಾದವನು ಆರೋಪಿ ಆಗುವುದು ಹೀಗೇ.

ಇವುಗಳಲ್ಲಿ ತೂಕ ಜಾಸ್ತಿ ವೇಗಕ್ಕೆ. ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆ 24 ಗಂಟೆಯೊಳಗೆ ಕೆಲಸಕ್ಕೆ ಬರುವ ಬಾಗಿಲುಗಳೇ ಬೇರೆ, ಆಮೇಲಿನವೇ ಬೇರೆ. ದುಡ್ಡು ಖರ್ಚಾಗಬೇಕಾದ್ದು ಹೆಚ್ಚಾಗಿ ಆಮೇಲೆ. ಜನ ಮಾಡುವುದು ಉಲ್ಟಾ.

ಶಾಸಕರ ಪಿಎ, ಪರಿಚಯದ ಪೇದೆ, ಟಿವಿ

ಬೈಕ್ ಗಲಾಟೆ, ಗದ್ದೆ ಬದುವಿನ ಜಗಳದಲ್ಲಿ ಪಿಎ ಫೋನು ನಡೆಯುತ್ತದೆ, ಸುಳ್ಳು ಯಾಕೆ ಹೇಳಲಿ. ಭಯೋತ್ಪಾದನೆ ಎಂಬ ಪದ ಕಿವಿಗೆ ಬಿದ್ದ ತಕ್ಷಣ ಆ ಫೋನು ಸ್ವಿಚ್ ಆಫ್. ಅವರ ಕೈಯಲ್ಲಿ ಅಧಿಕಾರ ಇಲ್ಲ, ಕಾಗದವೂ ಉಳಿಯುವುದಿಲ್ಲ. ಒಂದೇ ಉಪಯೋಗ ಎಂದರೆ ಹುಡುಗ ಎಲ್ಲಿದ್ದಾನೆ ಅನ್ನೋದು ಕೆಲವೊಮ್ಮೆ ತಿಳಿಯುತ್ತದೆ. ಅಷ್ಟು ಕೇಳಿ ಬಿಡಿ. ಠಾಣೆ ಎದುರಿನ ಟೀ ಅಂಗಡಿಯಲ್ಲಿ ನಿಂತು 'ಇಷ್ಟು ಕೊಟ್ಟರೆ ಹೆಸರು ತೆಗೆಸುತ್ತೇನೆ' ಅನ್ನುವವನಿಗೆ ಐದು ಪೈಸೆಯೂ ಕೊಡಬೇಡಿ.

ಟಿವಿ ಬೇಡ. ಬೆಳಿಗ್ಗೆ ನೀವು ಕರೆದಿರಿ, ಮಧ್ಯಾಹ್ನದ ಹೊತ್ತಿಗೆ ಹುಡುಗನ ಫೋಟೋಗೆ ಕೆಂಪು ವೃತ್ತ ಹಾಕಿರುತ್ತಾರೆ.

ಠಾಣೆಯ ಕೌಂಟರು, ಒಂದು ಬಿಳಿ ಹಾಳೆ

ಇದೇ ಎಲ್ಲದಕ್ಕಿಂತ ಅಗ್ಗದ ಬಾಗಿಲು, ಅದಕ್ಕೇ ಜನ ಇದನ್ನು ನಂಬುವುದಿಲ್ಲ. ಇಬ್ಬರು ಹೋಗಿ. ಒಬ್ಬರೇ ಬೇಡ. ಮೂರು ಪ್ರಶ್ನೆ ಕೇಳಿ: ಕರೆದುಕೊಂಡು ಹೋದವರು ಯಾವ ಠಾಣೆ ಅಥವಾ ಯಾವ ಸಂಸ್ಥೆಯವರು, ಕ್ರೈಮ್ ನಂಬರ್ (ಠಾಣೆಯಲ್ಲಿ ಕೇಸಿಗೆ ಕೊಟ್ಟ ನಂಬರು) ಎಷ್ಟು, ಹುಡುಗ ಸಾಕ್ಷಿಯೋ ಆರೋಪಿಯೋ. ಮೂರನೇ ಪ್ರಶ್ನೆ ಮುಖ್ಯ. 2024ರ ಜುಲೈ 1ರಿಂದ ಬಂಧನ, ವಿಚಾರಣೆಯ ಕ್ರಮ ಹೇಳುವ ಹಳೇ ಸಿಆರ್‌ಪಿಸಿ ಕಾಯಿದೆ ಜಾಗಕ್ಕೆ ಬಿಎನ್‌ಎಸ್‌ಎಸ್ ಬಂದಿದೆ. ಅದರಲ್ಲಿ ಸಾಕ್ಷಿಯನ್ನು ಕರೆಯುವುದು 179ನೇ ಸೆಕ್ಷನ್ ಕೆಳಗೆ, ಬರಹದಲ್ಲಿ. ಹೆಂಗಸರನ್ನು, 15 ವರ್ಷದ ಕೆಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಹೀಗೆ ಠಾಣೆಗೆ ಬಾ ಎನ್ನುವಂತಿಲ್ಲ, ಅವರಿರುವಲ್ಲಿಗೇ ಬಂದು ಕೇಳಬೇಕು. ಆರೋಪಿ ಎಂದು ಅನುಮಾನ ಇದ್ದು ಬಂಧಿಸುವ ಅಗತ್ಯ ಇಲ್ಲದಿದ್ದರೆ 35(3)ರ ನೋಟಿಸು. ಎರಡೂ ಕೊಡದೆ 'ಸುಮ್ನೆ ಕರೆದದ್ದು' ಎಂದರೆ ಆ ಉತ್ತರವನ್ನೇ ಹಾಳೆಯ ಮೇಲೆ ಬರೆಯಿರಿ.

ಹಾಳೆಯಲ್ಲಿ ಬೈಗುಳ ಬೇಡ, ಭಾಷಣ ಬೇಡ. ಎಷ್ಟು ಗಂಟೆಗೆ, ಎಲ್ಲಿಂದ, ಎಷ್ಟು ಜನ, ಗಾಡಿ ನಂಬರು, ಹುಡುಗ ಹಾಕಿದ್ದ ಬಟ್ಟೆ, ನುಂಗುವ ಮಾತ್ರೆ ಏನಾದರೂ ಇದ್ದರೆ ಅದು. ಬಂಧಿಸಿದ್ದರೆ ಕಾರಣ ಬರೆದು ಕೊಡಿ, ವಕೀಲರಿಗೆ ಭೇಟಿ ಮಾಡಲು ಬಿಡಿ ಎಂದು ಕೊನೆಗೊಂದು ಸಾಲು. ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಳ್ಳಿ. ಹಾಕಲಿಲ್ಲವಾ, ಅಲ್ಲೇ ನಿಂತು ಅದರ ಫೋಟೋವನ್ನು ಎಸ್‌ಪಿ ಆಫೀಸಿಗೆ ಇಮೇಲ್ ಮಾಡಿ, ಬೆಳಿಗ್ಗೆ ಸ್ಪೀಡ್ ಪೋಸ್ಟ್ ಕೂಡ ಹಾಕಿ. ಈ ಹಾಳೆಗೆ ಯಾರನ್ನೂ ಬಿಡಿಸುವ ಶಕ್ತಿ ಇಲ್ಲ, ನಿಜ. ಆದರೆ ನಾಳೆ ದಾಖಲೆಯಲ್ಲಿ 'ಈ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬಂಧಿಸಿದೆವು' ಎಂದು ಬಂದರೆ, ಹಿಂದಿನ ರಾತ್ರಿಯ ಸಮಯ ಇರುವ ಇಮೇಲು ಮಾತಾಡುತ್ತದೆ. 24 ಗಂಟೆ ಎಲ್ಲಿಂದ ಶುರು ಅನ್ನೋದು ತೀರ್ಮಾನ ಆಗುವುದು ಅಲ್ಲೇ. ಠಾಣೆಯಲ್ಲಿ ಸಿಸಿಟಿವಿ ಇರಲೇಬೇಕು, ರೆಕಾರ್ಡಿಂಗ್ ಕಡೇಪಕ್ಷ ಒಂದು ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ, ಭಯೋತ್ಪಾದನೆ ಕೇಸು ನೋಡುವ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಆಫೀಸುಗಳಿಗೂ ಅದು ಅನ್ವಯ. ಯಾವ ಹೊತ್ತಿನ ರೆಕಾರ್ಡಿಂಗ್ ಬೇಕು ಎಂದು ಮುಂದೆ ಕೇಳುವುದಕ್ಕೂ ನಿಮ್ಮ ಹಾಳೆಯೇ ಆಧಾರ.

ಬಂಧನ ಆಗಿದ್ದರೆ ಅರೆಸ್ಟ್ ಮೆಮೊ, ಅಂದರೆ ಬಂಧನವನ್ನು ದಾಖಲಿಸಿದ ಕಾಗದ, ಇರಬೇಕು, ಅದಕ್ಕೆ ಮನೆಯವರದ್ದೋ ಊರಿನ ಗೌರವಸ್ಥರದ್ದೋ ಸಾಕ್ಷಿ ಸಹಿ ಬೇಕು. ಇದು 1996ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು, ಈಗ ಕಾಯಿದೆಯೊಳಗೇ ಇದೆ. ಬಂಧನದ ಕಾರಣವನ್ನು ಬರಹದಲ್ಲೇ ಕೊಡಬೇಕು, ಯುಎಪಿಎ ಕೇಸಾದರೂ ಸರಿ, ಎಂದು 2024ರ ಮೇ 15ರಂದು ಪ್ರಬೀರ್ ಪುರಕಾಯಸ್ಥ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಡದೇ ಇದ್ದದ್ದಕ್ಕೆ ಆ ಬಂಧನವೇ ಬಿದ್ದುಹೋಯಿತು. ಆ ಒಂದು ಹಾಳೆ ಕೊಟ್ಟಿದ್ದರೆ ಪೊಲೀಸರಿಗೇ ಆ ಪಾಡು ಬರುತ್ತಿರಲಿಲ್ಲ. ಪೊಲೀಸ್ ಸ್ನೇಹಿತರಿಗೆ ನಾನು ಹೇಳುವುದೂ ಇದನ್ನೇ.

ಇದರ ಕೊರತೆ ಏನೆಂದರೆ, ನಮ್ಮ ಠಾಣೆಯವರಿಗೆ ನಿಜವಾಗಿಯೂ ಗೊತ್ತಿಲ್ಲದೇ ಇರಬಹುದು. ಎನ್‌ಐಎಯವರೋ ಹೊರರಾಜ್ಯದ ಪೊಲೀಸರೋ ನೇರವಾಗಿ ಬಂದು ಹೋಗಿರುತ್ತಾರೆ. ಪಾವಗಡದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ಸುತ್ತ ಆಂಧ್ರವೇ ಅಲ್ವಾ. ಹೊರಗೆ ಕರೆದೊಯ್ಯುವುದಾದರೆ ಸಾಮಾನ್ಯವಾಗಿ ಇಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ಟ್ರಾನ್ಸಿಟ್ ರಿಮಾಂಡ್, ಅಂದರೆ ಸಾಗಿಸಲು ಅನುಮತಿ, ಕೇಳುತ್ತಾರೆ, ಹಾಗಾಗಿ ಬೆಳಿಗ್ಗೆ ಕೋರ್ಟಿನಲ್ಲಿ ಒಬ್ಬರು ಕಾಯುತ್ತಿರಲಿ. ಇನ್ನೊಂದು ಮಾತು, ಎಫ್‌ಐಆರ್ ಆನ್‌ಲೈನಿನಲ್ಲಿ ಸಿಗಲಿಲ್ಲ ಎಂದು ಹೆದರಬೇಡಿ. ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳ ಎಫ್‌ಐಆರನ್ನು ಆನ್‌ಲೈನಿಗೆ ಹಾಕದೇ ಇರಲು ಸುಪ್ರೀಂ ಕೋರ್ಟಿನ 2016ರ ತೀರ್ಪೇ ಅವಕಾಶ ಕೊಟ್ಟಿದೆ. ಕೋರ್ಟಿನಲ್ಲಿ ಅರ್ಜಿ ಹಾಕಿ ನಕಲು ಪಡೆಯಬಹುದು.

ಪುಕ್ಕಟೆ ವಕೀಲರೋ, ದುಡ್ಡಿನ ವಕೀಲರೋ

ಅತಿ ಹೆಚ್ಚು ಗೊಂದಲ ಇಲ್ಲೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಎಂದರೆ ಜನರ ಮುಖ ಸಪ್ಪಗಾಗುತ್ತದೆ. ಪುಕ್ಕಟೆ ಎಂದರೆ ಕಳಪೆ ಎಂಬ ಲೆಕ್ಕ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದ್ದರೂ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಸ್ಟಡಿ ಇಲ್ಲದಿದ್ದರೂ ಸಿಗುತ್ತಾರೆ. ಫೋನು 15100. ಮುಂಬೈ ದಾಳಿಯ ಕಸಬ್‌ಗೂ ಸರ್ಕಾರವೇ ವಕೀಲರನ್ನು ಕೊಟ್ಟಿತ್ತು. 2012ರ ಅವನ ಮೇಲ್ಮನವಿ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್, ಯಾರನ್ನೇ ಮೊದಲ ಸಲ ಮುಂದೆ ತಂದಾಗ 'ನಿನಗೆ ವಕೀಲರ ಹಕ್ಕಿದೆ, ದುಡ್ಡಿಲ್ಲದಿದ್ದರೆ ಸರ್ಕಾರ ಕೊಡುತ್ತದೆ' ಎಂದು ಮ್ಯಾಜಿಸ್ಟ್ರೇಟರು ಹೇಳಲೇಬೇಕು ಎಂದಿತು. ಗಲ್ಲು ಕಾಯಂ ಆಗಿದ್ದೂ ಅದೇ ತೀರ್ಪಿನಲ್ಲಿ. ಕ್ರಮ ಪಾಲಿಸಿದರೆ ಶಿಕ್ಷೆ ತಪ್ಪಿಹೋಗುತ್ತದೆ ಅನ್ನುವವರಿಗೆ ನಾನು ತೋರಿಸುವ ತೀರ್ಪು ಅದು.

ಮೊದಲ ದಿನದ ಮಟ್ಟಿಗೆ ಉಚಿತ ವಕೀಲರೇ ಮೇಲು ಎಂದು ನನ್ನ ಅಭಿಪ್ರಾಯ. ಅವರು ದಿನಾ, ಬಂಧಿತರನ್ನು ಕಸ್ಟಡಿಗೆ ಕೊಡುವ ರಿಮಾಂಡ್ ಕೋರ್ಟಿನಲ್ಲೇ ಇರುತ್ತಾರೆ, ಯಾವ ಗಾಡಿ ಯಾವಾಗ ಬರುತ್ತದೆ ಎಂಬುದು ಅವರಿಗೆ ಗೊತ್ತು. ಹುಡುಗ ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗ ಹೇಳಬೇಕಾದ್ದು ಎರಡೇ: ಹೊಡೆದಿದ್ದರೆ ಹೊಡೆದರು, ಮತ್ತು ನಿಜವಾಗಿ ಕರೆದುಕೊಂಡು ಹೋದ ಸಮಯ. ಅಷ್ಟನ್ನು ಬರೆಸಲು ಲಕ್ಷದ ವಕೀಲರು ಬೇಡ.

ಕೇಸು ಯುಎಪಿಎ ಎಂದು ಖಾತ್ರಿಯಾಗಿ ಬೆಂಗಳೂರಿನ ಎನ್‌ಐಎ ವಿಶೇಷ ನ್ಯಾಯಾಲಯಕ್ಕೆ ಹೋಯಿತು ಎಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಪೊಲೀಸ್ ಕಸ್ಟಡಿ 30 ದಿನದವರೆಗೆ ಹೋಗಬಹುದು. ಚಾರ್ಜ್‌ಶೀಟಿಗೆ 90 ದಿನ, ಸರ್ಕಾರಿ ಅಭಿಯೋಜಕರ ವರದಿಯ ಮೇಲೆ ಕೋರ್ಟು ಒಪ್ಪಿದರೆ 180 ದಿನ. ನಿರೀಕ್ಷಣಾ ಜಾಮೀನು ಇಲ್ಲವೇ ಇಲ್ಲ, ಯಾರಾದರೂ ಅದಕ್ಕೆ ಫೀಸು ಕೇಳಿದರೆ ಎದ್ದು ಬನ್ನಿ. ಮೇಲ್ನೋಟಕ್ಕೆ ಆರೋಪ ನಿಜ ಎಂದು ಕೋರ್ಟಿಗೆ ಅನಿಸಿದರೆ ಜಾಮೀನೂ ಇಲ್ಲ, ಅದು ಯುಎಪಿಎಯ 43ಡಿ(5) ಸೆಕ್ಷನ್. ವಿಚಾರಣೆ ವರ್ಷಗಟ್ಟಲೆ ಮುಗಿಯದಿದ್ದರೆ ಆ ಅಡ್ಡಿ ದಾಟಿ ಜಾಮೀನು ಕೊಡಬಹುದು ಎಂದು ಸುಪ್ರೀಂ ಕೋರ್ಟಿನ 2021ರ ನಜೀಬ್ ತೀರ್ಪು ಬಾಗಿಲು ತೆರೆದಿದೆ. ಆದರೆ ಆ ಕೇಸಿನ ಆರೋಪಿ ನಜೀಬ್ ಆ ಹೊತ್ತಿಗೆ ಐದು ವರ್ಷ ಒಳಗೇ ಇದ್ದರು. ಇಂಥ ಕೇಸಿಗೆ ಇದನ್ನೇ ಮಾಡಿ ಪಳಗಿದ ಬೆಂಗಳೂರಿನ ವಕೀಲರು ಬೇಕು. ದುಡ್ಡು ಇದ್ದರೆ ಇಲ್ಲಿ ಹಾಕಿ. ಆರಿಸುವಾಗ ಆಫೀಸಿನ ಸೋಫಾ ನೋಡಬೇಡಿ, ಒಂದು ಪ್ರಶ್ನೆ ಕೇಳಿ: '90ನೇ ದಿನ ಯಾವ ತಾರೀಖಿಗೆ ಬರುತ್ತದೆ ಸರ್?' ಚಾರ್ಜ್‌ಶೀಟು ಬರದೆ, ಕಾಲವನ್ನೂ ವಿಸ್ತರಿಸದೆ ಆ ದಿನ ದಾಟಿದರೆ ಡೀಫಾಲ್ಟ್ ಬೇಲ್ ಹಕ್ಕು. ಚಾರ್ಜ್‌ಶೀಟು ಬರುವ ಮೊದಲೇ ಅರ್ಜಿ ಹಾಕಬೇಕು, ತಡ ಮಾಡಿದರೆ ಹಕ್ಕು ಹೋಯಿತು. ಬೆರಳು ಮಡಚಿ ದಿನ ಎಣಿಸುವ ವಕೀಲರು ಸಿಕ್ಕರೆ ಬಿಡಬೇಡಿ. ಫೀಸನ್ನು ಹಂತ ಹಂತಕ್ಕೆ ಮಾತಾಡಿಕೊಳ್ಳಿ, ಮೊದಲೇ ಸೈಟು ಮಾರಬೇಡಿ. ವಿಚಾರಣೆ ಎಷ್ಟು ವರ್ಷ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮಧ್ಯದಲ್ಲಿ ದುಡ್ಡು ಮುಗಿದರೆ ಉಚಿತ ವಕೀಲರಿಗೆ ಬದಲಾಯಿಸಿಕೊಳ್ಳುವುದಕ್ಕೆ ನಾಚಿಕೆ ಬೇಡ.

ಊರಿನ ಮ್ಯಾಜಿಸ್ಟ್ರೇಟೋ, ಬೆಂಗಳೂರಿನ ಹೈಕೋರ್ಟೋ

ಇಲ್ಲಿ ನನ್ನದೇ ತಪ್ಪು ಹೇಳಿಕೊಳ್ಳಬೇಕು. ವಕೀಲಿಕೆಗೆ ಬಂದ ಹೊಸದರಲ್ಲಿ ಇಂಥದ್ದೇ ಒಂದು ಮನೆಯವರನ್ನು ಕರೆದುಕೊಂಡು ಹೇಬಿಯಸ್ ಕಾರ್ಪಸ್, ಅಂದರೆ 'ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ' ಎಂದು ಕೇಳುವ ಅರ್ಜಿ, ಹಾಕಲು ಹೈಕೋರ್ಟಿಗೆ ಓಡಿದೆ. ಎಪ್ಪತ್ತು ಕಿಲೋಮೀಟರ್, ಸೀನಿಯರ್ ಹುಡುಕಾಟ, ಟೈಪಿಂಗು, ಆಫೀಸಿನ ಆಕ್ಷೇಪಣೆ, ಎರಡು ದಿನ ಕಳೆಯಿತು. ಅಷ್ಟರಲ್ಲಿ ಇಲ್ಲೇ ತುಮಕೂರಿನಲ್ಲಿ ಆ ಹುಡುಗನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ರಿಮಾಂಡ್ ಪಡೆದಿದ್ದರು. ಅವನ ಪರ ಒಬ್ಬರೂ ಇರಲಿಲ್ಲ, ವಕೀಲ ಎನಿಸಿಕೊಂಡ ನಾನು ಕಬ್ಬನ್ ಪಾರ್ಕಿನ ಪಕ್ಕ ಜೆರಾಕ್ಸ್ ಮಾಡಿಸುತ್ತಿದ್ದೆ. ಕೋರ್ಟಿನ ಆದೇಶದ ಮೇಲೆ ಕಸ್ಟಡಿಗೆ ಹೋದವರಿಗೆ ಹೇಬಿಯಸ್ ಕಾರ್ಪಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಇಟ್ಟುಕೊಂಡವರು 'ನಮ್ಮ ಹತ್ತಿರ ಇಲ್ಲವೇ ಇಲ್ಲ' ಎಂದಾಗ, ದಿನ ದಾಟಿದಾಗ, ಎಲ್ಲಿದ್ದಾನೆಂದೇ ಗೊತ್ತಿಲ್ಲದಾಗ ಅದು ಬ್ರಹ್ಮಾಸ್ತ್ರ. ಮನೆಯವರು ಯಾರು ಬೇಕಾದರೂ ಹಾಕಬಹುದು, ಹೈಕೋರ್ಟಿನಲ್ಲೂ ಉಚಿತ ಕಾನೂನು ಸೇವಾ ಸಮಿತಿ ಇದೆ. ಆದರೆ ಅದು ಮೊದಲ ಅಸ್ತ್ರ ಅಲ್ಲ.

ಜನಕ್ಕೆ ಗೊತ್ತಿಲ್ಲದ ಬಾಗಿಲು ಊರಿನಲ್ಲೇ ಇದೆ. ಬಿಎನ್‌ಎಸ್‌ಎಸ್ 100ನೇ ಸೆಕ್ಷನ್. ಕೋರ್ಟಿನ ಕಾರಿಡಾರಿನಲ್ಲಿ ಇನ್ನೂ '97 ಅರ್ಜಿ' ಎಂದೇ ಕರೆಯುತ್ತಾರೆ, ಸಿಆರ್‌ಪಿಸಿಯಲ್ಲಿ ಅದರ ನಂಬರು ಅದು. ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಿದ್ದಾರೆ ಎಂದು ನಂಬಲು ಕಾರಣ ಇದ್ದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಹುಡುಕಿ ತರಲು ಸರ್ಚ್ ವಾರಂಟ್ ಕೊಡಬಹುದು. ಅದೇ ದಿನ ಆಗುವ ಕೆಲಸ, ಖರ್ಚು ಹೈಕೋರ್ಟಿನದಕ್ಕೆ ಹೋಲಿಸಿದರೆ ಏನೂ ಅಲ್ಲ. ಮಧುಗಿರಿ, ತಿಪಟೂರಿನವರು ಜಿಲ್ಲಾ ಕೇಂದ್ರಕ್ಕೂ ಬರಬೇಕಿಲ್ಲ, ಅಲ್ಲೇ ಕೋರ್ಟಿದೆ. ಎಲ್ಲ ಮ್ಯಾಜಿಸ್ಟ್ರೇಟರೂ ಕೊಡುತ್ತಾರೆ ಎಂದಲ್ಲ. ಭಯೋತ್ಪಾದನೆ ಎಂದು ಕೇಳಿದರೆ ಕೆಲವರು ಹಿಂಜರಿಯುತ್ತಾರೆ. ಹುಡುಗನನ್ನು ಜಿಲ್ಲೆಯಿಂದ ಆಚೆ ಸಾಗಿಸಿದ್ದರೆ ಇದರ ಕೈ ಅಷ್ಟು ದೂರ ಚಾಚುವುದೂ ಇಲ್ಲ, ಆಗ ಹೈಕೋರ್ಟೇ ಸರಿ. ಆದರೂ ನಾನು ಮೊದಲು ಹಾಕುವುದು ಇದನ್ನೇ. ನಿರಾಕರಿಸಿದರೆ ಆ ಆದೇಶದ ನಕಲು ಹೈಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಮಾನವ ಹಕ್ಕುಗಳ ಆಯೋಗ

ಪುಕ್ಕಟೆ. ಕನ್ನಡದಲ್ಲೇ ಬರೆಯಬಹುದು, ವಕೀಲರು ಬೇಡ. ಆದರೆ ನಿಧಾನ, ಮತ್ತು ಆಯೋಗ ಶಿಫಾರಸು ಮಾಡುತ್ತದೆ ಅಷ್ಟೇ, ಬಿಡಿಸುವ ಅಧಿಕಾರ ಇಲ್ಲ. ಹೊಡೆತ ಬಿದ್ದಿದ್ದರೆ, ಸುಳ್ಳು ಸಮಯ ಬರೆದಿದ್ದರೆ, ಪರಿಹಾರ ಬೇಕಿದ್ದರೆ ಇಲ್ಲಿಗೆ ಹೋಗಿ, ಘಟನೆ ನಡೆದು ಒಂದು ವರ್ಷದೊಳಗೆ. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎರಡಕ್ಕೂ ಒಟ್ಟಿಗೆ ಹಾಕಬೇಡಿ, ಒಂದರಲ್ಲಿ ನಡೆಯುತ್ತಿದ್ದರೆ ಇನ್ನೊಂದು ಮುಟ್ಟುವುದಿಲ್ಲ. ಆಸ್ಪತ್ರೆ ಚೀಟಿ, ಗಾಯದ ಫೋಟೋ, ಠಾಣೆಗೆ ಕೊಟ್ಟ ಹಾಳೆ ಲಗತ್ತಿಸಿ. ನೋಡಿದಿರಾ, ಮತ್ತೆ ಅದೇ ಹಾಳೆ.

ಹಾಗಾದರೆ ಯಾರು ಏನು ಮಾಡಬೇಕು

ಕೈಯಲ್ಲಿ ದುಡ್ಡೇ ಇಲ್ಲದವರು ಠಾಣೆಗೆ ಹಾಳೆ, 15100, ಬೆಳಿಗ್ಗೆ ಉಚಿತ ವಕೀಲರ ಜೊತೆ ಕೋರ್ಟಿನಲ್ಲಿ ಹಾಜರಿ. ಇಷ್ಟರಲ್ಲೇ ಮೊದಲ ದಿನದ ಮುಕ್ಕಾಲು ಕೆಲಸ ಆಗುತ್ತದೆ. ಒಂದಿಷ್ಟು ದುಡ್ಡಿರುವವರೂ ಮೊದಲ ದಿನ ಇಷ್ಟೇ ಮಾಡಿ, ಸೇರಿಸಬೇಕಾದರೆ 100ರ ಅರ್ಜಿಗೆ ಊರಿನ ವಕೀಲರೊಬ್ಬರನ್ನು ಇಟ್ಟುಕೊಳ್ಳಿ. ಉಳಿದದ್ದನ್ನು 90ನೇ ದಿನಕ್ಕೆ ಕಟ್ಟಿಡಿ. ನೋಟಿಸು ಕೊಟ್ಟು ಕರೆದಿದ್ದರೆ ತಪ್ಪಿಸಿಕೊಳ್ಳಬೇಡಿ, ಹೋಗಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ. ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಬೇಕಾಗಿಯೇ ಇಲ್ಲ, ಕಾಯಿದೆಯೇ ಬೇಡ ಎನ್ನುತ್ತದೆ. ವಯಸ್ಸಾದ ಅಪ್ಪ ಅಮ್ಮ ಮಾತ್ರ ಮನೆಯಲ್ಲಿದ್ದರೆ ಅವರನ್ನು ರಾತ್ರಿ ಠಾಣೆಗೆ ಅಲೆಸಬೇಡಿ, ಪಕ್ಕದ ಮನೆಯವರು ಹೋಗಿ ಹಾಳೆ ಕೊಟ್ಟರೂ ಆಗುತ್ತದೆ.

ಆ ರಾತ್ರಿ ನಾವು ಮಾಡಿದ್ದೂ ಇಷ್ಟೇ. ಹನ್ನೊಂದೂಮುಕ್ಕಾಲಿಗೆ ಮಾವ ಮತ್ತು ಭಾವ ಠಾಣೆಗೆ ಹೋದರು. ಸೀಲು ಹಾಕಲಿಲ್ಲ. ಇಮೇಲ್ ಹೋಯಿತು. ಬೆಳಿಗ್ಗೆ 100ರ ಅರ್ಜಿ ಟೈಪ್ ಮಾಡಿಸುತ್ತಿದ್ದಾಗಲೇ ಹುಡುಗ ಮನೆಗೆ ಬಂದ, ಕೈಯಲ್ಲಿ 179ರ ನೋಟಿಸು, ಅದೂ ಹಿಂದಿನ ದಿನದ ತಾರೀಖಿನದು. ಇಮೇಲಿನಿಂದ ಬಂದನೋ, ಅವರ ಪ್ರಶ್ನೆ ಮುಗಿದು ಬಂದನೋ, ನಾನು ಕ್ರೆಡಿಟ್ ತೆಗೆದುಕೊಳ್ಳಲಾರೆ. ಆಮೇಲೆ ನೋಟಿಸು ಕೊಟ್ಟು ಎರಡು ಸಲ ಕರೆದರು, ಎರಡು ಸಲವೂ ಅಂಗಡಿಯ ಬಿಲ್ ಪುಸ್ತಕ ಹಿಡಿದು ಹೋಗಿ ಬಂದ. ಆ ಫೋನು ಕೊಂಡವನ ಮುಖ ಅವನಿಗೆ ನೆನಪಿತ್ತು. ಈಗ ಅವನು ಪ್ರಾಸಿಕ್ಯೂಷನ್ ಸಾಕ್ಷಿ. ಹೋದ ವಾರ ಬೆಂಗಳೂರಿನ ಕೋರ್ಟಿನಿಂದ ಸಮನ್ಸ್ ಬಂದಿದೆ. ಅವನ ಅಮ್ಮ ಮತ್ತೆ ಫೋನ್ ಮಾಡಿದ್ದರು. 'ಹೋಗಲೇಬೇಕಾ ಸರ್?' ಹೋಗಲೇಬೇಕು ಅಮ್ಮ, ನೋಡಿದ್ದನ್ನು ಹೇಳಿ ಬರಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, 'ಬಸ್ ಚಾರ್ಜಾದರೂ ಕೊಡುತ್ತಾರಾ?' ಸಾಕ್ಷಿ ಭತ್ಯೆ ಇದೆ, ಅಲ್ಲೇ ಕೇಳಿ ಬರೆಸಿಕೊಳ್ಳಲಿ ಎಂದಿದ್ದೇನೆ.